ತಂಗಿಯ ಫಾರ್ಮಿನಲ್ಲಿ ನಾನು ಬರೆದ ಅಂಕಿಗಳು

ನಮ್ಮ ಆಸ್ಪತ್ರೆಗೆ ಈಗ ಸೇರುವ ಹುಡುಗಿಯರು ಪಾಟಿಯಂಥ ಸಣ್ಣ ಕಂಪ್ಯೂಟರು ಹಿಡಿದುಕೊಂಡು ಮನೆಮನೆಗೆ ಹೋಗುತ್ತಾರೆ. ಪ್ರಶ್ನೆ ಅದರಲ್ಲೇ ಮೂಡುತ್ತದೆ, ಉತ್ತರವನ್ನು ಅದರಲ್ಲೇ ಒತ್ತುತ್ತಾರೆ. ಮೊನ್ನೆ ಅವರಲ್ಲಿ ಇಬ್ಬರು ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ, "ಗಿರಿಜಕ್ಕಾ, ನಿಮ್ಮ ಕಾಲದಾಗ ಈ ರಿಸರ್ಚ್ ಕೆಲಸ ಹೆಂಗ ಮಾಡತಿದ್ರಿ, ಹೇಳ್ರಿ" ಎಂದರು. ನಾನು ಒಂದೆರಡು ನಗೆಯ ಸಂಗತಿ ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಈ ಸಲವೂ ಹೇಳಲಿಲ್ಲವಲ್ಲ ಎನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆ. ಅಕ್ಷರ ದುಂಡಗಿವೆ ಎಂಬುದೊಂದೇ ನನ್ನ ವಿದ್ಯೆ.

ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸದಲ್ಲಿ ನಾನು ಬಹಳ ಹೆಂಗಸರ ಫಾರ್ಮು ತುಂಬಿದೆ. ಒಬ್ಬಳದನ್ನು ಮಾತ್ರ ಸುಳ್ಳು ತುಂಬಿದೆ. ಅವಳು ನನ್ನ ಒಡಹುಟ್ಟಿದ ತಂಗಿ ಕಸ್ತೂರಿ.

ನಾವು ಅಗಡಿ ಊರಿನವರು. ನನ್ನನ್ನು ಹಾವೇರಿಗೆ ಕೊಟ್ಟರು, ಕಸ್ತೂರಿಯನ್ನು ಬ್ಯಾಡಗಿಗೆ ಕೊಟ್ಟರು. ನಾನು ಹಾವೇರಿಯ ಒಂದು ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದೆ. ಹಾವೇರಿ ಜಿಲ್ಲೆಯಾಗಿ ಆಗಿನ್ನೂ ಕೆಲವೇ ವರ್ಷ. ಹಾಸಿಗೆ ಬದಲಿಸುವುದು, ನೆಲ ಒರೆಸುವುದು, ಬಾಣಂತಿಯರಿಗೆ ಬಿಸಿನೀರು ಕೊಡುವುದು, ಹೀಗೆ ಹನ್ನೊಂದು ವರ್ಷ ಕಳೆದಿದ್ದೆ. ಆಗ ಮೈಸೂರು ಕಡೆಯ ಡಾಕ್ಟರ್ ಮೇಡಂ ಒಬ್ಬರು ಎದೆರೋಗದ ವಿಭಾಗಕ್ಕೆ ಬಂದರು. ಬ್ಯಾಡಗಿಯಿಂದ ಬರುವ ಹೆಂಗಸರೆಲ್ಲ ಒಂದೇ ಥರ ಕೆಮ್ಮುತ್ತಾರಲ್ಲ ಎಂಬುದು ಅವರ ತಲೆಗೆ ಹೊಕ್ಕಿತು. ಆ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ತುಂಬು ತೆಗೆಯುವುದು ಎನ್ನುತ್ತೇವೆ ನಾವು. ಮುಂಜಾನೆಯಿಂದ ಸಂಜೆಯ ತನಕ ಕೆಂಪು ರಾಶಿಯ ಮುಂದೆ ಕೂತು, ಆ ಧೂಳಿನಲ್ಲೇ ಉಸಿರಾಡಿ, ಅಲ್ಲೇ ಬುತ್ತಿ ಬಿಚ್ಚಿ ಉಣ್ಣುವವರು. ಕೆಮ್ಮಿದರೆ ಖಾರದ ಕೆಮ್ಮು ಎಂದು ತಾವೇ ಹೆಸರಿಟ್ಟುಕೊಂಡಿದ್ದರು.

ಮೇಡಂ ಆಲೋಚನೆ ಇಷ್ಟೇ. ಬ್ಯಾಡಗಿಯ ಒಂದಿಷ್ಟು ಹೆಂಗಸರನ್ನು ಆರಿಸಿಕೊಂಡು ಪ್ರತಿ ತಿಂಗಳು ಅವರ ಉಸಿರನ್ನು ಅಳೆಯಬೇಕು. ಖಾರದ ಗಾಳಿಯೇ ಇಲ್ಲದ ಕಡೆ ಅಷ್ಟೇ ದುಡಿಯುವ ಹೆಂಗಸರನ್ನೂ ಅಳೆಯಬೇಕು. ಅದಕ್ಕೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಬೀಜ ಆರಿಸುವವರನ್ನು ಹಿಡಿದರು. ಎರಡನ್ನೂ ಹೋಲಿಸಿದರೆ ಖಾರ ಎಷ್ಟು ಕೆಡಿಸಿದೆ ಎಂಬುದು ತಿಳಿಯುತ್ತದೆ. ನಡುವೆ ಯಾರ ಉಸಿರಾದರೂ ಇಳಿಯುತ್ತ ಬಂದರೆ ಅವರನ್ನು ಹಾವೇರಿಗೆ ಕರೆಸಿ ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸುವುದು. ಈ ಓಡಾಟಕ್ಕೆ ನರ್ಸುಗಳು ಯಾರೂ ಒಪ್ಪಲಿಲ್ಲ. ಮೇಡಂ ವಾರ್ಡಿಗೆ ಬಂದು, "ಇಲ್ಲಿ ಯಾರಿಗೆ ಚೆನ್ನಾಗಿ ಬರೆಯೋಕೆ ಬರುತ್ತೆ?" ಎಂದು ಕೇಳಿದಾಗ ನಾನು ಬಕೆಟ್ಟು ಕೆಳಗಿಟ್ಟು ಕೈ ಎತ್ತಿದೆ. ನನ್ನ ಜೊತೆ ಮೆಹಬೂಬಿ ಎಂಬಾಕೆಯೂ ಬಂದಳು. ಆಕೆ ಹೊರರೋಗಿಗಳ ಚೀಟಿ ಬರೆಯುತ್ತಿದ್ದಳು.

ಅಳೆಯುವ ಮಷೀನು ಎಂದರೆ ಒಂದು ಗೇಣುದ್ದದ ಕೊಳವೆ. ಮೇಲೆ ಅಂಕಿಗಳು, ಒಂದು ಮುಳ್ಳು. ಬಾಯಿಗೆ ರಟ್ಟಿನ ತುಂಡು ಸಿಕ್ಕಿಸಿ, ಎದೆ ತುಂಬ ಉಸಿರು ಎಳೆದುಕೊಂಡು, ಒಮ್ಮೆಲೇ ಜೋರಾಗಿ ಊದಬೇಕು. ಮುಳ್ಳು ಮುಂದೆ ಹೋಗಿ ನಿಲ್ಲುತ್ತದೆ. ಹೀಗೆ ಮೂರು ಸಲ ಊದಿಸಿ ಮೂರನ್ನೂ ಬರೆಯಬೇಕು. ಬ್ಯಾಡಗಿಯ ಹೆಂಗಸರು ನನಗೆ ಒಂದೇ ವಾರದಲ್ಲಿ ಹೆಸರಿಟ್ಟರು. ಅವರು ಕಾಯಿ ಬಿಡಿಸುವ ಶೆಡ್ಡಿನ ಬಾಗಿಲಲ್ಲಿ ನಾನು ಕಂಡರೆ ಸಾಕು, "ಏ, ಊದಕ್ಕ ಬಂದ್ಲು ನೋಡ್ರೆ, ಲಗೂ ಬಾಯಿ ಮುಕ್ಕಳಿಸ್ಕೋರಿ" ಎಂದು ಕೂಗುತ್ತಿದ್ದರು.

ಊದುವ ಮೊದಲು ಒಪ್ಪಿಗೆ ಪತ್ರ. ಅದನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಮೊದಲನೆಯ ದಿನವೇ ನಿಂಗವ್ವ ಎಂಬಾಕೆ ಎರಡೂ ಕೈ ಸೆರಗಿನೊಳಗೆ ಅಡಗಿಸಿ ಕೂತಳು.

"ಹಿಂದಕ್ಕ ನಮ್ಮಣ್ಣಗೋಳು ಹಿಂಗ ಕಾಗದ ತಂದು, ಏನಿಲ್ಲ ಬೇ, ಒತ್ತು ಅಂದ್ರು. ಒತ್ತಿದೆ. ಹೊಲ ಹೋತು. ಈಗ ಉಸುರು ಬರಕೊಂಡು ಹೋಗಾಕ ಬಂದೀರೇನು?"

ಸುತ್ತಲಿನವರು ನಕ್ಕರು. ನಾನು ಬೇಸರದಿಂದ ಆಕೆಯ ಹೆಸರಿನ ಮುಂದೆ 'ಒಲ್ಲೆ ಅಂದಳು' ಎಂದು ಬರೆದು ತಂದೆ. ಮೇಡಂ ಅದನ್ನು ನೋಡಿ, "ಕಾಗದ ಅವರ ಹತ್ತಿರಾನೇ ಬಿಟ್ಟು ಬನ್ನಿ. ಅವರಿಗೆ ನಂಬಿಕೆ ಇರೋರ ಹತ್ತಿರ ಓದಿಸ್ಕೊಳ್ಳಲಿ" ಎಂದರು. ಮುಂದಿನ ವಾರ ಹೋದೆ. ನಿಂಗವ್ವ ಅದನ್ನು ಓಣಿಯ ಮಾಸ್ತರರ ಕಡೆ ಎರಡು ಸಲ ಓದಿಸಿದ್ದಳಂತೆ. "ಹೊಲದ ಸುದ್ದಿ ಏನೂ ಇಲ್ಲಂತ. ನಡೂವ ಬಿಟ್ಟು ಹೋದ್ರೂ ನಡೀತೈತಂತ. ತಗೋ, ಒತ್ತತೀನಿ" ಎಂದಳು. ಅಂದಿನಿಂದ ನಾನು ಯಾರಿಗೂ ಅವಸರ ಮಾಡಿ ಒತ್ತಿಸಿಕೊಳ್ಳಲಿಲ್ಲ. ನಿಂಗವ್ವ ಈ ಬರಹದಲ್ಲಿ ಮತ್ತೆ ಬರುತ್ತಾಳೆ. ಶೆಡ್ಡಿನಲ್ಲಿ ಆಕೆ ಕೂಡುತ್ತಿದ್ದುದು ನನ್ನ ತಂಗಿಯ ಮಗ್ಗುಲಿಗೆ.

ಫಾರ್ಮಿನ ಪ್ರಶ್ನೆಗಳು ಪುಸ್ತಕದ ಕನ್ನಡದಲ್ಲಿದ್ದವು. 'ಕಳೆದ ಒಂದು ತಿಂಗಳಲ್ಲಿ ನಿಮಗೆ ಉಸಿರಾಟದ ತೊಂದರೆ ಉಂಟಾಗಿತ್ತೇ?' ನಾನು ಓದುತ್ತಿದ್ದೆ, ಅವರು ನನ್ನ ಮುಖ ನೋಡಿ "ಇಲ್ಲಬಿಡ್ರಿ" ಎನ್ನುತ್ತಿದ್ದರು. ಕೆಮ್ಮುತ್ತಲೇ ಇಲ್ಲ ಎನ್ನುತ್ತಿದ್ದರು. ಒಂದು ದಿನ ನಾನು ಮೇಡಂಗೆ ಹೇಳಿದೆ: "ಹಿಂಗ ಕೇಳಿದ್ರ ಯಾರೂ ಹೇಳೂದಿಲ್ರಿ. ತುಂಬಿದ ಕೊಡಾ ಹೊತ್ತು ನಳದಿಂದ ಮನೀ ಮುಟ್ಟೂದ್ರಾಗ ಎಷ್ಟು ಸಲ ನಿಲ್ತಿ ಅಂತ ಕೇಳಬೇಕ್ರಿ." ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಆ ಪ್ರಶ್ನೆಯನ್ನು ಹಾಗೆಯೇ ಅಚ್ಚು ಹಾಕಿಸಿದರು. ಉತ್ತರಗಳು ಬೀಳತೊಡಗಿದವು. "ಒಂದ ಸಲ." "ಮೊದಲ ನಿಲ್ಲತಿರಲಿಲ್ಲ, ಈಗ ಎರಡ ಸಲ." ಏಳನೆಯ ಇಯತ್ತೆಯವಳ ಪ್ರಶ್ನೆ ಡಾಕ್ಟರರ ಫಾರ್ಮಿನಲ್ಲಿ ಬಂದಿದೆ ಎಂದು ನಾನು ಹಿಗ್ಗಿದ್ದು ಸುಳ್ಳಲ್ಲ.

ಹಿಗ್ಗು ಇಳಿಸಲು ಕುಲಕರ್ಣಿ ಸರ್ ಇದ್ದರು. ನಾವು ತಂದ ಫಾರ್ಮುಗಳನ್ನು ತಾಳೆ ನೋಡಿ ದೊಡ್ಡ ಪುಸ್ತಕಕ್ಕೆ ಏರಿಸುವವರು ಅವರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಹುಡುಕಾಡುವ ಮನುಷ್ಯ. ಆದರೆ ಒಂದು ಅಂಕಿ ತಪ್ಪಿದರೂ ಬಿಡುತ್ತಿರಲಿಲ್ಲ. ಮೊದಲನೆಯ ತಿಂಗಳು ರಾಣೆಬೆನ್ನೂರಿಗೂ ನಾನೇ ಹೋಗಿದ್ದೆ. ಬೀಜದ ಕಂಪನಿಯ ಮೇಸ್ತ್ರಿ ಹೆಂಗಸರನ್ನು ಕೆಲಸದಿಂದ ಏಳಗೊಡಲಿಲ್ಲ. ನಾನು ಅವರು ಕೂತಲ್ಲೇ ಕುಕ್ಕರಗಾಲಿನಲ್ಲಿ ಊದಿಸಿ, ಬರೆದುಕೊಂಡು ಸಂಜೆಯ ಬಸ್ಸಿಗೆ ಬಂದೆ. ನಾಲ್ಕು ದಿನದ ಮೇಲೆ ಕುಲಕರ್ಣಿ ಸರ್ ಕರೆದರು.

"ಗಿರಿಜವ್ವ, ನೀವು ತಂದ ಲೆಕ್ಕದ ಪ್ರಕಾರ ಖಾರ ಕುಡದವರ ಎದಿ ಗಟ್ಟಿ ಅದ, ಬೀಜ ಆರಸೋರ ಎದಿ ಸೋತದ. ಇನ್ನ ಎದಿ ರೋಗದವರನ್ನೆಲ್ಲಾ ಬ್ಯಾಡಗಿಗೆ ಹವಾ ಬದಲಿಗೆ ಕಳಸೋಣೇನು?"

ಬ್ಯಾಡಗಿಯಲ್ಲಿ ನಿಲ್ಲಿಸಿ ಊದಿಸಿದ್ದೆ, ರಾಣೆಬೆನ್ನೂರಿನಲ್ಲಿ ಕೂಡಿಸಿ ಊದಿಸಿದ್ದೆ. ಕೂತವರ ಉಸಿರು ಅಷ್ಟು ದೂರ ಹೋಗುವುದಿಲ್ಲ. ಇಡೀ ತಿಂಗಳ ಕೆಲಸವನ್ನು ಮತ್ತೆ ಮಾಡಿದೆವು. ಬೈಗುಳ ಸಿಗಲಿಲ್ಲ, ಆದರೆ ಇಡೀ ಆಸ್ಪತ್ರೆ ಒಂದು ವಾರ ಹವಾ ಬದಲಿಯ ಮಾತಾಡಿ ನಕ್ಕಿತು. ಆ ಅಪಮಾನ ನನ್ನ ಮನಸ್ಸಿನಲ್ಲಿ ಕೂತಿತು. ಇನ್ನು ಮುಂದೆ ನನ್ನ ಅಂಕಿಯ ಮೇಲೆ ಯಾರೂ ಬೆರಳು ಇಡಬಾರದು ಎಂದುಕೊಂಡೆ. ಒಳ್ಳೆಯ ಛಲವೇ. ಅದು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳುತ್ತೇನೆ.

ಆಮೇಲೆ ಊರು ಹಂಚಿದರು. ಮೆಹಬೂಬಿಗೆ ರಾಣೆಬೆನ್ನೂರು, ನನಗೆ ಬ್ಯಾಡಗಿ. ಮೇಡಂ ಪಟ್ಟಿಯನ್ನು ಮುಂದಿಟ್ಟು, "ಇದರಲ್ಲಿ ನಿಮ್ಮ ಸಂಬಂಧಿಕರು ಯಾರಾದ್ರೂ ಇದ್ದಾರಾ? ಇದ್ದರೆ ಅವರದನ್ನ ಇನ್ನೊಬ್ಬರು ತುಂಬಬೇಕು" ಎಂದರು. ನಾನು ಮುಚ್ಚಿಡಲಿಲ್ಲ. "ನಮ್ಮ ತಂಗಿ ಅದಾಳ್ರಿ. ಆದ್ರ ಆಕಿ ಬ್ಯಾರೇದವರ ಮುಂದ ಬಾಯಿ ಬಿಡೂದಿಲ್ರಿ. ನಾನ ಮಾಡತೀನ್ರಿ" ಎಂದೆ. ಅದು ಖರೆ ಆಗಿರಲಿಲ್ಲ. ಕಸ್ತೂರಿ ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ಕೂತವಳಲ್ಲ. ಬ್ಯಾಡಗಿಗೆ ಹೋದಾಗಲೆಲ್ಲ ಅವಳ ಮನೆಯಲ್ಲಿ ಒಂದು ತಾಸು ಕೂತು ರೊಟ್ಟಿ ತಿಂದು ಬರಬಹುದಲ್ಲ ಎಂಬುದು ನನ್ನ ಆಸೆ. ಮೇಡಂ ನನ್ನ ಮುಖ ನೋಡಿ ಒಪ್ಪಿದರು.

ಕಸ್ತೂರಿಯ ಬಗ್ಗೆ ಒಂದು ಮಾತು. ಅವಳು ನನಗಿಂತ ಆರು ವರ್ಷ ಸಣ್ಣವಳು. ನಮ್ಮ ಮನೆಯಲ್ಲಿ ಅವಳಿಗೆ ನಾಟಕದಾಕಿ ಎಂದು ಹೆಸರು. ಕಾಲಿಗೆ ಮುಳ್ಳು ಚುಚ್ಚಿದರೆ ಕಾಲೇ ಹೋಯಿತು ಎಂದು ಅಳುವವಳು. ಕಳೆ ತೆಗೆಯುವ ದಿನ ಅವಳಿಗೆ ತಲೆಶೂಲೆ. ಅವ್ವ ಅವಳ ಮಾತಿನಲ್ಲಿ ಅರ್ಧ ತೆಗೆದು ಕೇಳುತ್ತಿದ್ದಳು, ನಾನು ಮುಕ್ಕಾಲು ತೆಗೆದು ಕೇಳುತ್ತಿದ್ದೆ. ಅವಳು ಎರಡು ಮಕ್ಕಳ ತಾಯಿಯಾದ ಮೇಲೂ ನಾನು ಆ ರೂಢಿ ಬಿಡಲಿಲ್ಲ.

ಮೊದಲೆರಡು ತಿಂಗಳು ಅವಳು ಚೆನ್ನಾಗಿ ಊದಿದಳು. ಮುನ್ನೂರ ನಲವತ್ತರ ಸುತ್ತಮುತ್ತ. ಮೂರನೆಯ ತಿಂಗಳು ಹೋದಾಗ ಶೆಡ್ಡಿನ ಹೊರಗೆ ಬೇವಿನ ಗಿಡದ ನೆರಳಿಗೆ ಅವಳನ್ನು ಕರೆದು ಪ್ರಶ್ನೆ ಕೇಳಿದೆ.

"ಕೊಡಾ ಹೊತ್ತು ಬರಬೇಕಾದ್ರ ಎಷ್ಟು ಸಲ ನಿಲ್ತಿ?"

"ಎರಡ ಸಲ ಅಕ್ಕಾ. ಒಮ್ಮೊಮ್ಮೆ ಮೂರು. ದಮ್ಮ ಹತ್ತತೈತಿ."

"ಹೋದ ತಿಂಗಳ ನಿಲ್ಲೂದ ಇಲ್ಲ ಅಂದಿದ್ದಿ?"

"ಹೋದ ತಿಂಗಳ ಇರಲಿಲ್ಲ. ಈಗ ಐತಿ. ಸಂಜೀ ಮುಂದ ಮೈ ಬೆಚ್ಚಗ ಆಗತೈತಿ. ಕುಬಸಾ ನೋಡು ಎಷ್ಟ ಸಡ್ಲ ಆಗೇತಿ."

"ಮುಂಜಾನಿಂದ ಸಂಜೀತನಕಾ ಖಾರದಾಗ ಕುಂತ್ರ ಯಾರಿಗಿ ದಮ್ಮ ಹತ್ತೂದಿಲ್ಲ? ಊದು."

ಊದಿದಳು. ಎರಡು ನೂರ ಅರವತ್ತು. "ನೆಟ್ಟಗ ಊದು ಬೇ" ಎಂದೆ. ಎರಡು ನೂರ ನಲವತ್ತು. ಮೂರನೆಯ ಸಲ ಊದುವಾಗ ಕೆಮ್ಮು ಬಂದು ಕೊಳವೆಯನ್ನು ನನ್ನ ಕೈಗೆ ಕೊಟ್ಟು ಗಿಡಕ್ಕೆ ಒರಗಿ ಕೂತಳು.

"ಆಗವಲ್ದು ಅಕ್ಕಾ."

"ನಿನಗ ಯಾವಾಗ ಆಗೇತಿ? ಮೈಗಳ್ಳಿ" ಎಂದು ನಕ್ಕೆ. ಅವಳೂ ಕೆಮ್ಮುತ್ತಲೇ ನಕ್ಕಳು.

ಬಸ್ಸಿನಲ್ಲಿ ಕೂತು ಫಾರ್ಮು ತುಂಬಿದೆ. ಕೊಡದ ಪ್ರಶ್ನೆಯ ಮುಂದೆ, 'ನಿಲ್ಲುವುದಿಲ್ಲ'. ಜ್ವರದ ಮುಂದೆ, 'ಇಲ್ಲ'. ಊದಿದ ಅಂಕಿ, 'ಮುನ್ನೂರ ಮೂವತ್ತು, ಮುನ್ನೂರ ನಲವತ್ತು, ಮುನ್ನೂರ ಇಪ್ಪತ್ತು'. ಇವಳು ಸರಿಯಾಗಿ ಊದಿಲ್ಲ, ಊದಿದ್ದರೆ ಇಷ್ಟೇ ಬರುತ್ತಿತ್ತು ಎಂಬುದು ನನ್ನ ಲೆಕ್ಕ. ಎರಡು ನೂರ ಅರವತ್ತು ಎಂದು ಬರೆದರೆ ಕುಲಕರ್ಣಿ ಸರ್ ಮತ್ತೆ, "ಇವರನ್ನ ಎಲ್ಲಿ ಕೂಡಿಸಿ ಊದಿಸೀರಿ?" ಎಂದು ಕೇಳುತ್ತಾರೆ ಎಂಬ ಅಂಜಿಕೆಯೂ ಇತ್ತು. ಇನ್ನೊಂದು ಮಾತನ್ನೂ ಬರೆಯಬೇಕು. ಅವಳ ಅಂಕಿ ಇಳಿದರೆ ಅವಳನ್ನು ಹಾವೇರಿಗೆ ಕರೆಸುತ್ತಾರೆ, ಅವಳು ಮಕ್ಕಳ ಸಮೇತ ನನ್ನ ಮನೆಗೆ ಬಂದು ಇಳಿಯುತ್ತಾಳೆ, ವಾರಗಟ್ಟಲೆ ಅವಳ ನೋವಿನ ಪುರಾಣ ಕೇಳಬೇಕು. ಇದೂ ನನ್ನ ತಲೆಯಲ್ಲಿತ್ತು.

ಒಂದು ಸಲ ಬರೆದ ಮೇಲೆ ಎರಡನೆಯ ಸಲ ಖರೆ ಬರೆಯುವುದು ಇನ್ನೂ ಕಷ್ಟ. ನಾಲ್ಕನೆಯ ತಿಂಗಳು ಅವಳು ಎರಡು ನೂರ ಇಪ್ಪತ್ತಕ್ಕೆ ಬಂದಳು. ಹಾಗೇ ಬರೆದರೆ ಒಂದೇ ತಿಂಗಳಿನಲ್ಲಿ ನೂರಕ್ಕೂ ಮೇಲೆ ಇಳಿದಂತೆ ಕಾಣುತ್ತದೆ, ಹಿಂದಿನ ಸುಳ್ಳು ಹೊರಬೀಳುತ್ತದೆ. ಮತ್ತೆ ಮುನ್ನೂರ ಮೂವತ್ತು ಬರೆದೆ. ಐದನೆಯ ತಿಂಗಳು, ಆರನೆಯ ತಿಂಗಳು ಹೀಗೇ ಬರೆದೆ.

ಅದೇ ಆರನೆಯ ತಿಂಗಳು ನಿಂಗವ್ವನ ಅಂಕಿ ಇಳಿಯಿತು. ಆಕೆ ಹೇಳಿದ್ದನ್ನು ಹೇಳಿದ ಹಾಗೆ, ಊದಿದ್ದನ್ನು ಊದಿದ ಹಾಗೆ ಬರೆದೆ. ಮೇಡಂ ಜೀಪು ಕಳಿಸಿ ಆಕೆಯನ್ನು ಕರೆಸಿದರು. ಕಫದಲ್ಲಿ ಕ್ಷಯ ಇತ್ತು. ಬೇಗ ಸಿಕ್ಕಿತು, ಗುಳಿಗೆ ಶುರುವಾಯಿತು. ಖಾರದ ಕೆಮ್ಮಿನ ಹಿಂದೆ ಬೇರೆ ಕೆಮ್ಮು ಅಡಗಿ ಕೂಡುತ್ತದೆ ಎಂದು ನಮಗೆಲ್ಲ ತಿಳಿದದ್ದು ಆಗಲೇ. ತಿಳಿದ ಮೇಲೂ ನಾನು ಸುಮ್ಮನಿದ್ದೆ.

ಮುಂದಿನ ಸಲ ಹೋದಾಗ ಕಸ್ತೂರಿ ಶೆಡ್ಡಿನ ಬಾಗಿಲಿನವರೆಗೂ ಎದ್ದು ಬಂದಳು. "ಅಕ್ಕಾ, ನಿಂಗವ್ವನ್ನ ಜೀಪಿನಾಗ ಕರಕೊಂಡು ಹೋದ್ರು. ನನಗೂ ಆಕಿಗಾದಂಗ ಆಗಾಕತ್ತೈತಿ. ನನ್ನ ಹೆಸರು ಬರಲಿಲ್ಲೇನು?"

ನನ್ನ ಕೈಯಲ್ಲಿ ಫಾರ್ಮಿತ್ತು. ಅಲ್ಲೇ ಹೇಳಬಹುದಿತ್ತು. "ನಿನ್ನ ನಂಬರ ಭಾಳ ಚಲೋ ಐತಿ. ಶೆಡ್ಡಿನಾಗ ನಿಂದ ಎಲ್ಲಾರಕಿಂತ ಮ್ಯಾಲ ಐತಿ ನೋಡು" ಎಂದೆ.

"ಹೌದೇನು?" ಅವಳ ಮುಖ ಅರಳಿತು. "ಹಂಗಾರ ನನಗ ಏನೂ ಆಗಿಲ್ಲ. ನಾನ ಸುಮ್ಮನ ಮನಸ್ಸಿಗಿ ಹಚ್ಕೊಂಡಿದ್ದೆ." ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ, "ನಂದು ಎಲ್ಲಾರಕಿಂತ ಮ್ಯಾಲ ಐತಂತ ಬೇ" ಎಂದಳು. ಮತ್ತೆ ರಾಶಿಯ ಮುಂದೆ ಕೂತಳು.

ಆಮೇಲೆ ಎರಡು ತಿಂಗಳು ಅವಳು ದಮ್ಮಿನ ಮಾತು ಎತ್ತಲೇ ಇಲ್ಲ. ಕೇಳಿದರೆ "ಆರಾಮ ಅದೀನಿ" ಎನ್ನುತ್ತಿದ್ದಳು. ತನ್ನ ಎದೆ ಹೇಳುವುದನ್ನು ಬಿಟ್ಟು ನನ್ನ ಕಾಗದವನ್ನು ನಂಬಿದ್ದಳು. ಅವಳಿಗೆ ಹೇಳಿದ ಆ ಒಂದು ಮಾತು, ಬರೆದ ಅಷ್ಟೂ ಅಂಕಿಗಳಿಗಿಂತ ಕೆಟ್ಟದ್ದು ಎಂದು ಈಗ ನನಗನಿಸುತ್ತದೆ.

ಒಂದು ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಅವಳು ಕೆಮ್ಮಿ ರಕ್ತ ಉಗುಳಿದಳು. ಹೆಂಗಸರು ಟೆಂಪೋ ಹಿಡಿದು ಹಾವೇರಿಗೆ ತಂದರು. ಮೇಡಂ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಡಗಡೆಯ ಶ್ವಾಸಕೋಶ ಬಹುಪಾಲು ಬಿಳಿಯಾಗಿ ಹೋಗಿತ್ತು. ಮೇಡಂ ಫೈಲು ತರಿಸಿ ನೋಡಿದರು. ನನ್ನನ್ನು ಕರೆದರು.

"ಗಿರಿಜಮ್ಮ, ಈ ಎದೆಯಿಂದ ಹೋದ ತಿಂಗಳು ಮುನ್ನೂರ ಮೂವತ್ತು ಹೇಗೆ ಬಂತು?"

"ಮಷೀನು ಕೆಟ್ಟಿರಬೇಕ್ರಿ" ಎಂದೆ. ಬಾಯಿಗೆ ಅದೇ ಬಂತು.

ಅವರು ನಂಬಿದರು. ಮಷೀನು ಕೆಟ್ಟಿದ್ದರೆ ಬ್ಯಾಡಗಿಯ ಅಷ್ಟೂ ಹೆಂಗಸರ ಅಷ್ಟೂ ತಿಂಗಳ ಅಂಕಿ ಕೆಟ್ಟಂತೆ. ಮಷೀನನ್ನು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಮೂರನೆಯ ದಿನ, ಅಲ್ಲಿಂದ ಉತ್ತರ ಬರುವ ಮೊದಲೇ, ನಾನು ಕಚೇರಿಯ ಒಳಗೆ ಹೋದಾಗ ಕುಲಕರ್ಣಿ ಸರ್ ಬ್ಯಾಡಗಿಯ ಕಟ್ಟುಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿ, ಒಂದೊಂದನ್ನೇ ದಾರ ಹಾಕಿ ಬಿಗಿಯುತ್ತಿದ್ದರು. ಅವರ ಕನ್ನಡಕ ಆ ದಿನ ಕಣ್ಣಿನ ಮೇಲೇ ಇತ್ತು. "ಇಷ್ಟ ತಿಂಗಳ ಕೆಲಸ ಹಾಳಾತು ಗಿರಿಜವ್ವ. ಎಲ್ಲಾ ಅಟ್ಟಕ್ಕ ಹಾಕೂದು" ಎಂದರು. ನಿಂಗವ್ವನ ಒಪ್ಪಿಗೆ ಪತ್ರ ಮೇಲೆಯೇ ಕಾಣುತ್ತಿತ್ತು, ಅದರಲ್ಲಿ ಆಕೆಯ ಹೆಬ್ಬೆಟ್ಟಿನ ಗುರುತು.

ನಾನು ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. "ಮಷೀನು ಕೆಟ್ಟಿಲ್ರಿ. ನಮ್ಮ ತಂಗೀದು ನಾನ ಸುಳ್ಳ ಬರದೀನ್ರಿ. ಆಕಿ ಹೇಳಿದ್ಲು. ನಾ ನಂಬಲಿಲ್ಲ."

ಮೇಡಂ ಕಸ್ತೂರಿಯ ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಬೇರೆಯವರದು?"

"ಬ್ಯಾರೇದವರದು ಎಲ್ಲಾ ಖರೇ ಐತ್ರಿ."

"ನಾನು ಹೇಗೆ ನಂಬಲಿ?"

  ಮೆಹಬೂಬಿಯನ್ನು ಬ್ಯಾಡಗಿಗೆ ಕಳಿಸಿ ಎಲ್ಲರನ್ನೂ ಮತ್ತೆ ಊದಿಸಿದರು. ಆಕೆ ಎಂಟು ದಿನ ಓಡಾಡಿದಳು. ಉಳಿದವರ ಅಂಕಿಗಳು ನಾನು ಬರೆದದ್ದಕ್ಕೆ ಹೊಂದಿದವು. ಕಟ್ಟುಗಳು ಅಟ್ಟಕ್ಕೆ ಹೋಗಲಿಲ್ಲ. ಕಸ್ತೂರಿಯ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆದರು. ಮೇಡಂ ಬರೆದ ವರದಿಯಲ್ಲಿ ನನ್ನ ತಂಗಿ ಇಲ್ಲ. ಅವಳು ಒಂಬತ್ತು ತಿಂಗಳು ಊದಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.  ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಮೆಹಬೂಬಿ, "ನನಗರ ಹೇಳಬೇಕಿತ್ತು ಗಿರಿಜಾ. ಆಕಿದು ನಾ ಊದಸತಿದ್ದೆ" ಎಂದಳು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಊರೂರು ತಿರುಗುವ ಕೆಲಸ ಬಿಡಿಸಿ ಕ್ಷಯದ ಗುಳಿಗೆ ಕೊಡುವ ಕಟ್ಟೆಗೆ ಕೂಡಿಸಿದರು. ಆಗ ವಾರಕ್ಕೆ ಮೂರು ದಿನ ರೋಗಿ ನಮ್ಮ ಕಣ್ಣ ಮುಂದೆಯೇ ಗುಳಿಗೆ ನುಂಗಬೇಕಿತ್ತು. ಈಗ ದಿನಾಲೂ ಕೊಡುತ್ತಾರೆ, ಕಫ ನೋಡುವುದಕ್ಕೂ ಮಷೀನು ಬಂದಿದೆ. ನನ್ನ ಕಟ್ಟೆಗೆ ಬರುತ್ತಿದ್ದವರಲ್ಲಿ ಕಸ್ತೂರಿಯೂ ಒಬ್ಬಳು. ಎಂಟು ತಿಂಗಳು ಅವಳು ಮಕ್ಕಳ ಸಮೇತ ನನ್ನ ಮನೆಯಲ್ಲೇ ಇದ್ದಳು. ಬಿಸಿ ಅನ್ನ, ಮೊಟ್ಟೆ, ಹಾಲು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ರೋಗ ಹೋಯಿತು. ಎಡಗಡೆಯ ಉಸಿರು ಮರಳಿ ಬರಲಿಲ್ಲ. ಖಾರದ ಕೆಲಸ ಅವಳಿಗೆ ಅಲ್ಲಿಗೆ ಮುಗಿಯಿತು. ನೆರೆಹೊರೆಯವರು ಬಂದಾಗ ಅವಳು ಹೇಳುತ್ತಿದ್ದಳು: "ನಮ್ಮಕ್ಕ ದವಾಖಾನ್ಯಾಗ ಇದ್ದದ್ದಕ್ಕ ಉಳದೆ. ಇಲ್ಲಂದ್ರ ಹೋಗತಿದ್ದೆ." ನಾನು ಒಲೆಯ ಕಡೆ ತಿರುಗಿ ಕೂಡುತ್ತಿದ್ದೆ.

ಮೇಡಂಗೆ ಹೇಳಿದ್ದನ್ನು ಅವಳಿಗೆ ಹೇಳಲು ನನಗೆ ನಿವೃತ್ತಿಯ ತನಕ ಆಗಲಿಲ್ಲ. ಇಷ್ಟು ವರ್ಷ. ಅವಳ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟ ಮೇಲೆ ಅವಳೂ ಅಲ್ಲೇ ಮನೆ ಮಾಡಿದಳು. ನಾನು ಕೆಲಸದಿಂದ ಇಳಿದ ಕೆಲವು ದಿನಗಳ ಮೇಲೆ ಹಾವೇರಿಗೆ ಬಂದಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿದೆ. ಮೂರನೆಯ ತಿಂಗಳಿನಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಾಯಿ ಬಿಡಿಸುತ್ತಲೇ ಕೇಳಿದಳು. "ಎಲ್ಲಾರಕಿಂತ ಮ್ಯಾಲ ಐತಿ ಅಂದಿದ್ದಿಯಲ್ಲ, ಅದೂ ಸುಳ್ಳೇನು?"

"ಹೂಂ."

"ಅದನ್ನ ಕೇಳಿ ನಾ ಎಷ್ಟ ಧೈರ್ಯಾ ತಗೊಂಡಿದ್ದೆ" ಎಂದಳು. ಇನ್ನೊಂದು ಕಾಯಿ ಎತ್ತಿಕೊಂಡು, "ನಿಂಗವ್ವ ಹೇಳಿದ್ದು ಖರೇ ಅನಸ್ತು ನಿನಗ. ನಾ ಹೇಳಿದ್ದು ಅನಸಲಿಲ್ಲ" ಎಂದಳು. ಬೈಯಲಿಲ್ಲ, ಅಳಲಿಲ್ಲ. ನಾಟಕದಾಕಿ ಎಂದು ನಾವು ಕರೆದವಳು ಒಂದು ಹನಿಯನ್ನೂ ಹಾಕಲಿಲ್ಲ. ಕಾಯಿ ಮುಗಿಸಿ, ಸಿಪ್ಪೆ ಬಳಿದು ಹೊರಗೆ ಚೆಲ್ಲಿ, ಚೀಲ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದಳು. ಎರಡು ತಿಂಗಳು ನನ್ನ ಫೋನು ಎತ್ತಲಿಲ್ಲ. ನಾನು ಬಲವಂತ ಮಾಡಲಿಲ್ಲ.

ಹೋದ ವಾರ ತಾನೇ ಫೋನು ಮಾಡಿದಳು. "ಹುಬ್ಬಳ್ಳಿಗೆ ಎದಿ ತೋರಸಾಕ ಹೋಗಬೇಕು. ಮಗಳಿಗೆ ಬಿಡುವಿಲ್ಲ. ಬರತೀಯೇನು?" ನಾನು ಮುಂಜಾನೆಯೇ ರಾಣೆಬೆನ್ನೂರಿಗೆ ಹೋದೆ. ಹಾವೇರಿ ಅದೇ ದಾರಿಯಲ್ಲಿದ್ದರೂ ಅವಳೊಬ್ಬಳನ್ನೇ ಗಾಡಿ ಹತ್ತಿಸಲು ಮನಸ್ಸಾಗಲಿಲ್ಲ. ಸ್ಟೇಷನ್ನಿಗೆ ಬರುವಷ್ಟರಲ್ಲಿ ತಡವಾಗಿತ್ತು. ನಮ್ಮ ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದರು. ಸೇತುವೆಯ ಮೆಟ್ಟಿಲು ಹತ್ತತೊಡಗಿದೆವು. ನಾನು ಎರಡೂ ಚೀಲ ಹಿಡಿದು ಮುಂದಿದ್ದೆ. ದೂರದಲ್ಲಿ ಗಾಡಿಯ ಸದ್ದು ಕೇಳಿಸಿತು. ಹಿಂದೆ ಅವಳ ಹೆಜ್ಜೆ ನಿಂತಿತು.

ತಿರುಗಿ ನೋಡಿದೆ. ನಡುಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಂತಿದ್ದಳು.

"ಅಕ್ಕಾ, ದಮ್ಮ ಹತ್ತೇತಿ."

ಇನ್ನು ಹತ್ತು ಮೆಟ್ಟಿಲು ಇದ್ದವು. ಲಗೂ ಬಾ, ಇಷ್ಟೇ ಐತಿ ಎನ್ನುವ ಮಾತು ನನ್ನ ಬಾಯಿಯ ತನಕ ಬಂದಿತ್ತು. ನಾನು ಕೆಳಗೆ ಇಳಿದು ಬಂದು ಚೀಲಗಳನ್ನು ಇಟ್ಟೆ. "ಕುಂದ್ರು" ಎಂದೆ. ಅವಳು ಕೂತಳು, ನಾನೂ ಮಗ್ಗುಲಿಗೆ ಕೂತೆ. ಜನ ನಮ್ಮನ್ನು ದಾಟಿಕೊಂಡು ಓಡಿದರು. ಗಾಡಿ ಬಂತು, ನಿಂತಿತು.

"ಗಾಡಿ ಹೋಗತೈತಲ್ಲ" ಎಂದಳು, ನನ್ನ ಮುಖ ನೋಡದೆ.

"ಹೋಗ್ಲಿ. ಎಲ್ಲಿ ಹಿಡದೈತಿ ಹೇಳು. ಎದಿಯಾಗೋ, ಬೆನ್ನಾಗೋ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಎಡಗಡೆಯ ಪಕ್ಕೆಯ ಮೇಲೆ ಕೈ ಇಟ್ಟು ಹೇಳತೊಡಗಿದಳು. ಯಾವಾಗ ಹಿಡಿಯುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಮಲಗಿದರೆ ಬಿಡುತ್ತದೆ. ಮಧ್ಯೆ ಮಧ್ಯೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಕೆಳಗೆ ಗಾಡಿ ಹೊರಟಿತು. ಅವಳು ಇನ್ನೂ ಹೇಳುತ್ತಿದ್ದಳು. ನಾನು ಕೇಳುತ್ತ ಕೂತಿದ್ದೆ.